ಹೌಸ್ ಬೇರೆ, ಹೋಮ್ ಬೇರೆ ಎಂದು ಮಕ್ಕಳ ಅಂಕ ಕಳೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಆರನೇ ತರಗತಿಯ ನನ್ನ ಮೊಮ್ಮಗಳು ಇಂಗ್ಲಿಷ್ ಉತ್ತರಪತ್ರಿಕೆ ತಂದು ನನ್ನ ಮುಂದೆ ಇಟ್ಟಳು. ಮುಖ ಸಣ್ಣಗಾಗಿತ್ತು. ನನ್ನ ಮಗ ಈಗ ಸಾಗರ ಪಟ್ಟಣದ ಹೊರಗೆ ಮನೆ ಕಟ್ಟಿಸುತ್ತಿದ್ದಾನೆ. ಅವಳು ಅದನ್ನೇ ಬರೆದಿದ್ದಳು: 'ಮೈ ಫಾದರ್ ಈಸ್ ಬಿಲ್ಡಿಂಗ್ ಎ ಹೋಮ್.' ಹೋಮ್ ಎಂಬುದರ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಗೀಟು. ಪಕ್ಕದಲ್ಲಿ ಸೊನ್ನೆ. ಕಟ್ಟುವುದು ಹೌಸ್, ಹೋಮ್ ಅಲ್ಲ ಎಂದು ತರಗತಿಯಲ್ಲಿ ಹೇಳಿದರಂತೆ. ಇಟ್ಟಿಗೆ ಗಾರೆಯದು ಹೌಸ್, ಪ್ರೀತಿಯದು ಹೋಮ್.

ಆ ಟೀಚರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ನಾನೂ 34 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದವಳು. ಶುರುವಿನ ಹತ್ತು ಹನ್ನೆರಡು ವರ್ಷ ಇದೇ ಮಾತನ್ನು ಬೋರ್ಡಿನ ಮೇಲೆ ಬರೆದೆ, ಮಕ್ಕಳ ಕೈಲಿ ಬರೆಸಿದೆ. ಕೇಳಲು ಚೆಂದದ ಮಾತು, ಅದಕ್ಕೇ ಬೇಗ ಹಬ್ಬುತ್ತದೆ. ಆದರೆ ಇಂಗ್ಲಿಷ್ ಮನೆಮಾತಾಗಿರುವ ಜನ ಆ ಎರಡು ಪದಗಳನ್ನು ಹಾಗೆ ಗೆರೆ ಕೊರೆದು ಬಳಸುವುದಿಲ್ಲ.

ಅಮೆರಿಕದಲ್ಲಿ ಮಾರಾಟಕ್ಕಿರುವ ಮನೆಗೆ 'ಹೋಮ್ ಫಾರ್ ಸೇಲ್' ಎಂದು ಬೋರ್ಡು ಹಾಕುತ್ತಾರೆ. ಅದರಲ್ಲಿ ಯಾರೂ ವಾಸವಿಲ್ಲದಿದ್ದರೂ ಅದು ಹೋಮ್. ಹೆಣವನ್ನು ಅಂತ್ಯಕ್ರಿಯೆಗೆ ಸಿದ್ಧ ಮಾಡುವ ಜಾಗ ಅವರಿಗೆ ಫ್ಯೂನರಲ್ ಹೋಮ್. ನಮ್ಮ ಊರಿನ ಸಣ್ಣ ಆಸ್ಪತ್ರೆಗಳೇ ನರ್ಸಿಂಗ್ ಹೋಮ್ ಅಲ್ವಾ? ಅತ್ತ, ಅಕ್ಕರೆಯ ಹೋಮ್ ಇರಬೇಕಾದ ಕಡೆ ಹೌಸ್ ಕೂತಿರುವುದೂ ಉಂಟು. ಬೆಳಗಿನಿಂದ ರಾತ್ರಿವರೆಗೆ ಹೆಣ್ಣುಮಕ್ಕಳು ಮಾಡುವ ದುಡಿಮೆ ಹೌಸ್‌ವರ್ಕ್. ಶಾಲೆಯವರು ಕೊಟ್ಟು ಕಳಿಸುವುದು ಹೋಮ್‌ವರ್ಕ್. ಇಂಗ್ಲಿಷರವನ ಮನೆಯೇ ಅವನ ಕೋಟೆ ಎಂಬ ಗಾದೆಯಲ್ಲಿ ಈಗ ಹೋಮ್ ಎನ್ನುತ್ತಾರೆ. 1604ರ ಒಂದು ಮೊಕದ್ದಮೆಯ ವರದಿಯಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಎಡ್ವರ್ಡ್ ಕೋಕ್ ಇದೇ ಮಾತನ್ನು ಬರೆದಾಗ ಬಳಸಿದ್ದು ಹೌಸ್.

ನಮ್ಮ ದೇಶದ ಜನಗಣತಿಯನ್ನೇ ನೋಡಿ. 2011ರಲ್ಲಿ ಫೆಬ್ರವರಿ 28ರ ರಾತ್ರಿ ರಸ್ತೆ ಬದಿ, ರೈಲ್ವೆ ಪ್ಲಾಟ್‌ಫಾರಂ, ಸೇತುವೆ ಕೆಳಗೆ ಮಲಗಿದ್ದವರನ್ನು ಲೆಕ್ಕ ಹಾಕಿದರು. ಸುಮಾರು 17.7 ಲಕ್ಷ ಜನ. ಜನಗಣತಿ ಅವರನ್ನು ಹೌಸ್‌ಲೆಸ್ ಎಂದು ಕರೆಯಿತು. ಇಂಗ್ಲಿಷ್ ಪತ್ರಿಕೆಗಳು ಹೋಮ್‌ಲೆಸ್ ಎಂದು ಬರೆದವು. ಜನ ಅವರೇ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಈ ಎರಡೂ ಪದ ಜೊತೆಯಾಗಿ ಬರುವ ಜಾಗ. 'ಹೌಸ್ ಆ್ಯಂಡ್ ಹೋಮ್' ಎನ್ನುತ್ತಾರೆ. ಶೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕದ ಎರಡನೇ ಭಾಗದಲ್ಲಿ ಹೆಂಡದಂಗಡಿಯ ಒಬ್ಬ ಹೆಂಗಸು ಇದ್ದಾಳೆ. ಹೊಟ್ಟೆಬಾಕ ಫಾಲ್‌ಸ್ಟಾಫ್ ಅವಳಲ್ಲಿ ಸಾಲ ಮಾಡಿ, ತಿಂದು ಕುಡಿದು, ಕಾಸು ಕೊಟ್ಟಿಲ್ಲ. ಅವನನ್ನು ಹಿಡಿಸಲು ಆಳುಗಳನ್ನು ಕರೆತಂದು ಅವಳು ಗೋಳಾಡುತ್ತಾಳೆ. ತಿಂದು ತಿಂದೇ ನನ್ನ ಹೌಸ್ ಆ್ಯಂಡ್ ಹೋಮ್ ಕಳೆದ ಎನ್ನುತ್ತಾಳೆ. ಇದನ್ನು ಕನ್ನಡಕ್ಕೆ ತರುವುದು ಹೇಗೆ ಎಂದು ಒಮ್ಮೆ ಹತ್ತನೇ ತರಗತಿಯಲ್ಲಿ ಕೇಳಿದ್ದೆ. ಹಿಂದಿನ ಬೆಂಚಿನ ಹುಡುಗ ಯೋಚನೆಯನ್ನೇ ಮಾಡದೆ ಹೇಳಿದ: 'ಮನೆಮಠ ಎಲ್ಲ ಗುಡಿಸಿ ಗುಂಡಾಂತರ ಮಾಡಿದ, ಮೇಡಂ.' ಅವನ ಉತ್ತರಕ್ಕೆ ನಾನು ಒಂದಕ್ಷರವೂ ಸೇರಿಸಲಿಲ್ಲ.

ಮನೆಮಠ! ಇಲ್ಲಿ ಮಠ ಎಂದರೆ ಯಾವ ಗುರುಪೀಠವೂ ಅಲ್ಲ. ಮನೆಯ ಬೆನ್ನಿಗೆ ನಿಂತ ಜೋಡುನುಡಿ. ಬಟ್ಟೆಬರೆ, ಮಕ್ಕಳುಮರಿ, ಆಸ್ತಿಪಾಸ್ತಿ ಇದ್ದ ಹಾಗೆ. ಅಲ್ಲಿ ಹಕಾರಕ್ಕೆ ಹಕಾರ ಕೂಡಿದೆ, ಇಲ್ಲಿ ಮಕಾರಕ್ಕೆ ಮಕಾರ. ಮಠಮನೆ ಎಂದು ಯಾರೂ ಹೇಳುವುದಿಲ್ಲ. ಅವರೂ ಹೋಮ್ ಆ್ಯಂಡ್ ಹೌಸ್ ಎಂದು ತಿರುಗಿಸುವುದಿಲ್ಲ. ಇನ್ನೊಂದನ್ನು ಗಮನಿಸಿ. 'ನಾನು ಮನೆಮಠ ಕಟ್ಟಿಸಿದೆ' ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಮನೆ ಕಟ್ಟಿಸುತ್ತೇವೆ, ಮನೆಮಠ ಕಳೆದುಕೊಳ್ಳುತ್ತೇವೆ. ಮನೆಮಠ ಬಿಟ್ಟು ತಿರುಗುತ್ತಾನೆ ಎನ್ನುತ್ತೇವೆ. ನಿನಗೆ ಮನೆಮಠ ಇಲ್ಲವಾ ಎಂದು ಬೈಯುತ್ತೇವೆ. ಇಂಗ್ಲಿಷಿನ ಜೋಡಿಯೂ ಹೆಚ್ಚಾಗಿ ಹೀಗೇ ಬರುತ್ತದೆ, ಯಾರೋ ತಿಂದು ಮುಗಿಸಿದಾಗ, ಯಾರನ್ನೋ ಹೊರಗೆ ಅಟ್ಟಿದಾಗ. ಹೌಸ್ ಒಂದು ಪಾಲು, ಹೋಮ್ ಇನ್ನೊಂದು ಪಾಲು ಎಂದು ಅಲ್ಲಿ ಬಿಡಿಸಿ ಅರ್ಥ ಹೇಳಿದರೆ ಮಾತೇ ಸತ್ತುಹೋಗುತ್ತದೆ. ಏನೂ ಉಳಿಯಲಿಲ್ಲ ಎನ್ನುವುದಕ್ಕೆ ಎರಡೂ ಬೇಕು.

ಇದನ್ನು ಓದಿ ಕಲಿತದ್ದಕ್ಕಿಂತ ಮೊದಲು ನಾನು ನಮ್ಮ ಮನೆಯಲ್ಲೇ ಕೇಳಿದ್ದೆ. ನಾನು ಹುಟ್ಟಿದ ಊರು ಶರಾವತಿಯ ದಡದಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ನೀರಿನೊಳಗೆ ಹೋಯಿತು. ಅದಕ್ಕೆ ಮುಂಚೆ ಅಪ್ಪ ಬಾಗಿಲು, ಕಂಬ, ಹೆಂಚು ಎಲ್ಲ ಬಿಚ್ಚಿ ಲಾರಿಗೆ ಹೇರಿಸಿದ. ಶಿವಮೊಗ್ಗದ ಆಚೆ, ಕಾಡು ಕಡಿದ ಜಾಗದಲ್ಲಿ ಅದೇ ಬಾಗಿಲು, ಅದೇ ಕಂಬ ನಿಲ್ಲಿಸಿ ಹೊಸ ಮನೆ ಕಟ್ಟಿದ. ಹೊಸ್ತಿಲೂ ಹಳೆಯದೇ. ನಮ್ಮಜ್ಜಿ ಆ ಹೊಸ್ತಿಲಿಗೆ ದಿನಾ ಅರಿಸಿನ ಕುಂಕುಮ ಇಡುತ್ತಿದ್ದಳು. ಆದರೆ ಸಾಯುವ ತನಕ ಆ ಮನೆಯನ್ನು ಮನೆ ಎನ್ನಲಿಲ್ಲ. ಬಿಡಾರ ಎನ್ನುತ್ತಿದ್ದಳು. 'ಬಿಡಾರಕ್ಕೆ ನೆಂಟರು ಬಂದಿದ್ದಾರೆ', 'ಬಿಡಾರದ ಹೆಂಚು ಸೋರ್ತಾ ಇದೆ'. ಮನೆ ಎಂದರೆ ಅವಳಿಗೆ ನೀರಿನ ಕೆಳಗಿನದು. ಬೇಸಿಗೆಯಲ್ಲಿ ಹಿನ್ನೀರು ಇಳಿದಿದೆ ಎಂದು ಯಾರಾದರೂ ಹೇಳಿದರೆ, 'ಮನೆ ಕಾಣ್ತದಾ?' ಎಂದು ಕೇಳುತ್ತಿದ್ದಳು.

ಕನ್ನಡದಲ್ಲಿ ಒಂದೇ ಪದ ಇದೆ, ಅದಕ್ಕೇ ನಮಗೆ ಆ ಸೂಕ್ಷ್ಮ ಇಲ್ಲ ಎಂದು ಹೇಳುವವರನ್ನು ಕಂಡಾಗ ನನಗೆ ಅಜ್ಜಿಯ ನೆನಪಾಗುತ್ತದೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೌಸ್ ಯಾವುದು, ಹೋಮ್ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೇಕಾದಾಗ ಅವಳ ಬಾಯಿಗೆ ಬೇರೆ ಪದ ಬಂತು. ಬೇಡವಾದಾಗ ಒಂದೇ ಪದ ಎರಡು ಕೆಲಸವನ್ನೂ ಮಾಡಿತು. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅವಳೇ ನಮಗೆ ಹೇಳುತ್ತಿದ್ದಳು. ಉಂಡ ಮನೆ ಎಂದರೆ ಅನ್ನ ಹಾಕಿದ ಜನ, ಜಂತೆ ಇರುವುದು ಕಟ್ಟಡಕ್ಕೆ. ಒಂದೇ ಮನೆ ಎಂಬ ಪದದ ಒಳಗೆ ಇವೆರಡೂ ಇವೆ. ಗಾದೆ ನಿಂತಿರುವುದೇ ಅದರ ಮೇಲೆ.

ಹಾಗಾದರೆ ಮಕ್ಕಳಿಗೆ ಏನು ಕಲಿಸಬೇಕು? ಅವರು ನಿಜವಾಗಿ ತಪ್ಪುವ ಜಾಗ ಬೇರೆ ಇದೆ. 'ಗೋ ಟು ಹೋಮ್' ಎಂದು ಬರೆಯುತ್ತಾರೆ. ಶಾಲೆಗೆ, ಪೇಟೆಗೆ, ಮನೆಗೆ ಎಂದು ನಾವು ಎಲ್ಲದಕ್ಕೂ 'ಗೆ' ಹಚ್ಚುತ್ತೇವಲ್ಲ, ಅದು ಹಾಗೇ ಇಂಗ್ಲಿಷಿಗೆ ಹೋಗುತ್ತದೆ. ಹೋಮ್‌ಗೆ ಅಲ್ಲಿ 'ಟು' ಬೇಡ. 'ಗೋ ಹೋಮ್' ಅಷ್ಟೆ. ಹೌಸ್ ಆದರೆ 'ಟು' ಬೇಕು. ಇದನ್ನು ನಾಲ್ಕು ದಿನ ಬಾಯಲ್ಲಿ ಆಡಿಸಿದರೆ ಜೀವನಪೂರ್ತಿ ನಿಲ್ಲುತ್ತದೆ. ಹೌಸ್‌ವರ್ಕ್ ಯಾವುದು, ಹೋಮ್‌ವರ್ಕ್ ಯಾವುದು ಎಂದು ಹೇಳಿಕೊಡಿ. ನಮ್ಮ ಮಕ್ಕಳಿಗೆ ಎರಡೂ ಮನೆಗೆಲಸವೇ ಆದ್ದರಿಂದ ಅಲ್ಲಿ ನಿಜಕ್ಕೂ ಗೊಂದಲ ಆಗುತ್ತದೆ. ಹೌಸ್ ಆ್ಯಂಡ್ ಹೋಮ್ ಬಂದಾಗ ಮನೆಮಠ ಎಂದು ಹೇಳಿ ಮುಂದೆ ಹೋಗಿ. ಮಗುವಿನ ಕಣ್ಣು ಅರಳುವುದನ್ನು ನೀವೇ ನೋಡುತ್ತೀರಿ.

ನಿಮ್ಮ ಪತ್ರಿಕೆಯಲ್ಲಿ ವಿದ್ಯಾರ್ಥಿಗಳಿಗೆಂದು ಇಂಗ್ಲಿಷ್ ಪಾಠ ಬರೆಯುವವರಲ್ಲೂ ನನ್ನದೊಂದು ಕೋರಿಕೆ. ಇಟ್ಟಿಗೆ–ಪ್ರೀತಿಯ ಆ ಸಾಲನ್ನು ವ್ಯಾಕರಣದ ನಿಯಮ ಎಂಬಂತೆ ದಯವಿಟ್ಟು ಅಚ್ಚು ಹಾಕಬೇಡಿ. ಶುಭಾಶಯದ ಕಾರ್ಡಿನ ಮೇಲೆ ಇರಲಿ, ಬೇಡ ಎನ್ನುವುದಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಬೇಡ.

ಮೊಮ್ಮಗಳ ಶಾಲೆಗೆ ನಾಡಿದ್ದು ಹೋಗುತ್ತಿದ್ದೇನೆ. ಜಗಳಕ್ಕಲ್ಲ. ಆ ಟೀಚರ್ ಜೊತೆ ಕೂತು ಮಾತಾಡಲು. ಅವರಿಗೆ ಇಪ್ಪತ್ತೈದು ವಯಸ್ಸಂತೆ, ಮೊದಲ ವರ್ಷದ ಕೆಲಸ. ನಾನೂ ಆ ವಯಸ್ಸಿನಲ್ಲಿ ಅದೇ ಕೆಂಪು ಶಾಯಿಯಲ್ಲಿ ಅದೇ ಪದಕ್ಕೆ ಗೀಟು ಎಳೆದಿದ್ದೇನೆ. ಆ ಮಕ್ಕಳು ಈಗ ಎಲ್ಲೆಲ್ಲಿದ್ದಾರೋ. ಅವರ ಅಂಕ ನಾನು ವಾಪಸ್ ಕೊಡಲಾರೆ, ಇವಳದ್ದನ್ನು ಕೇಳಬಲ್ಲೆ.

— ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಸಾಗರ