ಗೆಳೆಯನಿಗೊಂದು ಪತ್ರ: ಕ್ಯಾಮೆರಾಕ್ಕೆ ಮುಖ ಕೊಡದವಳು

ಪ್ರೀತಿಯ ಗೆಳೆಯಾ,

ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಬಗ್ಗೆ ಬರೆದಾಗ ನೀನು ಕೇಳಿದೆಯಲ್ಲ, ‘ಕೈಯಲ್ಲಿ ಬರೆದ ಚಿತ್ರಗಳೇನೋ ಸರಿ, ಯಂತ್ರ ತೆಗೆದ ಫೋಟೋಗಳಲ್ಲಿ ನೋಡುವುದೇನಿದೆ?’ ಅಂತ. ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ.

ನಿನ್ನ ಅನುಮಾನ ಆ ಗ್ಯಾಲರಿಗೂ ಇತ್ತು ಕಣೋ. ಅದು ಶುರುವಾದದ್ದು 1856ರಲ್ಲಿ. ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಚಿತ್ರದಲ್ಲಿರುವವರು ಯಾರು ಅನ್ನುವುದೇ ಮುಖ್ಯ ಎಂದು ಆಗಲೇ ತೀರ್ಮಾನಿಸಿಕೊಂಡಿದ್ದರು. ಆಳುವ ದೊರೆ ಮತ್ತು ದೊರೆಯ ಸಂಗಾತಿಯನ್ನು ಬಿಟ್ಟರೆ ಬದುಕಿರುವವರಿಗೆ ಅಲ್ಲಿ ಜಾಗವಿರಲಿಲ್ಲ. ತೀರಿಕೊಂಡು ಹತ್ತು ವರ್ಷವಾದರೂ ಕಳೆದಿರಬೇಕಿತ್ತು. ಫೋಟೋಗಳಿಗೆ ಅಂತಲೇ ಮೊದಲ ಪ್ರದರ್ಶನ ನಡೆದದ್ದು 1968ರಲ್ಲಿ, ಸೆಸಿಲ್ ಬೀಟನ್ ತೆಗೆದ ಚಿತ್ರಗಳದ್ದು. ಮರುವರ್ಷ ಹತ್ತು ವರ್ಷದ ನಿಯಮವೂ ಹೋಯಿತು. ಈಗ ಅಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಫೋಟೋಗಳಿವೆ.

ನನಗೆ ಅವು ಯಾಕೆ ಹಿಡಿಸುತ್ತವೆ ಅಂದರೆ, ಫೋಟೋದಲ್ಲಿ ಎದುರಿಗೆ ಕೂತವರದೂ ಅರ್ಧ ಕೆಲಸ. ಕುಂಚ ಹಿಡಿದವನು ಇಲ್ಲದ ನಗುವನ್ನು ಬರೆದು ಸೇರಿಸಬಲ್ಲ. ಕ್ಯಾಮೆರಾದವನಿಗೆ ಆ ನಗುವನ್ನು ಎದುರಿಗಿರುವವರೇ ಕೊಡಬೇಕು, ಕೊಡದೆಯೂ ಇರಬಹುದು. ಹಾಗಾಗಿ ಪ್ರತಿ ಫೋಟೋದ ಮುಂದೆಯೂ ನಾನು ಹುಡುಕುವುದು ಒಂದನ್ನೇ: ಇಲ್ಲಿ ಯಾರ ಕೈ ಮೇಲಾಗಿದೆ?

ಇಂಜಿನಿಯರ್ ಬ್ರೂನೆಲ್‌ನ ಫೋಟೋ ನೋಡು, ರಾಬರ್ಟ್ ಹೌಲೆಟ್ 1857ರಲ್ಲಿ ತೆಗೆದದ್ದು. ಗ್ರೇಟ್ ಈಸ್ಟರ್ನ್ ಹಡಗಿನ ದೈತ್ಯ ಸರಪಳಿಗಳ ಮುಂದೆ ಜೇಬಿಗೆ ಕೈ ಹಾಕಿ ನಿಂತಿದ್ದಾನೆ, ಬಾಯಲ್ಲಿ ಸಿಗಾರ್, ಪ್ಯಾಂಟಿಗೆಲ್ಲ ಕೆಸರು. ಅಲ್ಲಿ ಮೇಲುಗೈ ಬ್ರೂನೆಲ್‌ನದೇ, ಸಂಶಯವಿಲ್ಲ. ಮರುವರ್ಷವೇ ಹೌಲೆಟ್ ಇಪ್ಪತ್ತೇಳರ ಹರೆಯದಲ್ಲಿ ತೀರಿಕೊಂಡ, ಅದರ ಮರುವರ್ಷ ಬ್ರೂನೆಲ್.

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್‌ಳ ಚಿತ್ರಗಳಲ್ಲಿ ಇಷ್ಟು ಸುಲಭವಾಗಿ ತೀರ್ಪು ಕೊಡಲಾಗದು. ಕಲ್ಕತ್ತೆಯಲ್ಲಿ ಹುಟ್ಟಿದವಳು ಅವಳು. ಕ್ಯಾಮೆರಾ ಹಿಡಿದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಮಗಳು ಉಡುಗೊರೆಯಾಗಿ ಕೊಟ್ಟ ಮೇಲೆ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹಚ್ಚಿ, ಅದು ಒಣಗುವುದರೊಳಗೆ ಫೋಟೋ ತೆಗೆದು ತೊಳೆದು ಮುಗಿಸಬೇಕಿದ್ದ ಕಾಲ. ಅವಳೆದುರು ಕೂತವರು ನಿಮಿಷಗಟ್ಟಲೆ ಅಲುಗಾಡದೆ ಇರಬೇಕಿತ್ತು. ವಿಜ್ಞಾನಿ ಜಾನ್ ಹರ್ಷೆಲ್ 1867ರಲ್ಲಿ ಹಾಗೆ ಕೂತರು. ಸುತ್ತಲೂ ಕಗ್ಗತ್ತಲು, ನಡುವೆ ಕೆದರಿದ ಬಿಳಿಗೂದಲು, ದಣಿದ ಕಣ್ಣು. ಫೋಕಸ್ ಸರಿಯಿಲ್ಲ ಎಂದು ಅಂದಿನ ಫೋಟೋಗ್ರಾಫರುಗಳು ಅವಳನ್ನು ಹೀಯಾಳಿಸಿದರು. ನನಗಂತೂ ಆ ಮಸುಕೇ ಬೇಕು, ಅದರಲ್ಲಿ ಆ ಮುದುಕನ ಉಸಿರಾಟವೂ ಸೇರಿದೆ ಅನ್ನಿಸುತ್ತದೆ. ಫೋಟೋ ಮಾಸದಂತೆ ನಿಲ್ಲಿಸುವ, ಹೈಪೋ ಎಂಬ ರಾಸಾಯನಿಕದ ಗುಣವನ್ನು ಕಂಡುಹಿಡಿದವರೇ ಹರ್ಷೆಲ್. ಅದಿಲ್ಲದಿದ್ದರೆ ಈ ಮುಖವೂ ನಮಗೆ ಉಳಿಯುತ್ತಿರಲಿಲ್ಲ.

ಅದೇ ವರ್ಷ ಅವಳು ಲೇಖಕ ಥಾಮಸ್ ಕಾರ್ಲೈಲನ ಫೋಟೋವನ್ನೂ ತೆಗೆದಳು. ಕಾರ್ಲೈಲನ ಒಂದು ತೈಲಚಿತ್ರವೂ ಈ ಗ್ಯಾಲರಿಯಲ್ಲಿದೆ, ಮಿಲ್ಲೇ ಬರೆದದ್ದು. 1914ರ ಜುಲೈನಲ್ಲಿ ಆನ್ ಹಂಟ್ ಎಂಬ ಹೆಸರಿನಲ್ಲಿ ಬಂದ ಹೆಂಗಸೊಬ್ಬಳು ಮಚ್ಚಿನಿಂದ ಆ ಚಿತ್ರವನ್ನು ಕೊಚ್ಚಿದಳು. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಸಫ್ರಜೆಟ್‌ಗಳಲ್ಲಿ ಒಬ್ಬಳು ಅವಳು. ಅದಕ್ಕೆ ಕೆಲವು ತಿಂಗಳ ಮೊದಲು, ಮಾರ್ಚಿನಲ್ಲಿ, ಪಕ್ಕದ ನ್ಯಾಷನಲ್ ಗ್ಯಾಲರಿಯಲ್ಲಿ ಮೇರಿ ರಿಚರ್ಡ್‌ಸನ್ ಎಂಬ ಇನ್ನೊಬ್ಬ ಸಫ್ರಜೆಟ್ ವೆಲಾಸ್ಕೆಜ್‌ನ ಚಿತ್ರವೊಂದನ್ನು ಸೀಳಿದ್ದಳು. ಈ ಮುಖಗಳ ಮೇಲೆ ಕಣ್ಣಿಡಿ ಎಂದು ಪೊಲೀಸರು ಗ್ಯಾಲರಿಗಳಿಗೆ ಫೋಟೋ ಹಾಳೆಗಳನ್ನು ಹಂಚಿದ್ದರು.

ಆ ಫೋಟೋಗಳು ಸಿಕ್ಕಿದ್ದಾದರೂ ಹೇಗೆ ಗೊತ್ತೇ? ಜೈಲಿನಲ್ಲಿ ಎದುರು ನಿಲ್ಲಿಸಿದರೆ ಆ ಹೆಂಗಸರು ಗುರುತೇ ಸಿಗದಂತೆ ಮುಖ ಕಿವುಚಿಕೊಳ್ಳುತ್ತಿದ್ದರು. ಕೊನೆಗೆ ಅವರು ಜೈಲಿನ ಅಂಗಳದಲ್ಲಿ ನಡೆದಾಡುವಾಗ ದೂರದ ಲೆನ್ಸ್ ಹಾಕಿ ಮರೆಯಿಂದ ತೆಗೆಸಿದರು. ಮ್ಯಾಂಚೆಸ್ಟರಿನ ಗ್ಯಾಲರಿಯಲ್ಲಿ ಚಿತ್ರಗಳ ಗಾಜು ಒಡೆದು ಜೈಲು ಸೇರಿದ ಎವೆಲಿನ್ ಮನೆಸ್ಟಾಳ ಕತೆ ಇನ್ನೂ ಕೆಟ್ಟದ್ದು. ಮೂಲ ಫೋಟೋದಲ್ಲಿ ಅವಳ ಕೊರಳನ್ನು ಹಿಂದಿನಿಂದ ಒಂದು ತೋಳು ಬಳಸಿ ಹಿಡಿದಿದೆ. ಹಂಚಿದ ಪ್ರತಿಯಲ್ಲಿ ತೋಳು ಇಲ್ಲ; ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ ಅನ್ನುವ ಹಾಗೆ ತಿದ್ದಿದ್ದಾರೆ. ಯಂತ್ರ ಸುಳ್ಳು ಹೇಳದು ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಗ್ಯಾಲರಿಯ ಬಾಗಿಲಲ್ಲಿ ತಡೆಯಲೆಂದು ಹಂಚಿದ ಆ ಹಾಳೆಗಳು ಇವತ್ತು ಗ್ಯಾಲರಿಯ ಸಂಗ್ರಹದಲ್ಲಿವೆ. ಮಂತ್ರಿಗಳು, ಕವಿಗಳು, ರಾಣಿಯರು ಇರುವ ಪಟ್ಟಿಯಲ್ಲೇ ಮನೆಸ್ಟಾಳ ಹೆಸರೂ ಇದೆ. ಅದನ್ನು ಓದಿದಾಗ ನನಗಾದ ಸಂತೋಷವನ್ನು ನಿನಗೆ ಹೇಗೆ ಹೇಳಲಿ! ತನ್ನ ಮುಖವನ್ನು ಬಿಟ್ಟುಕೊಡದೆ ಹೋರಾಡಿದವಳ ಫೋಟೋಗಿಂತ ದೊಡ್ಡ ಪೋರ್ಟ್ರೇಟ್ ಆ ಮನೆಯಲ್ಲಿ ಇನ್ನೊಂದಿದೆ ಎಂದು ನಾನು ಒಪ್ಪಲಾರೆ.

ಸಂಗ್ರಹದ ಬಹುಪಾಲನ್ನು ಅವರ ವೆಬ್‌ಸೈಟಿನಲ್ಲೇ ಹುಡುಕಿ ನೋಡಬಹುದು. ನೀನು ಮೊದಲು ಹುಡುಕುವುದು ಗಾಂಧಿಯನ್ನೇ, ನನಗೆ ಗೊತ್ತು. ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ 1931ರಲ್ಲಿ ಎಲಿಯಟ್ ಅಂಡ್ ಫ್ರೈ ಸ್ಟುಡಿಯೋದವರು ತೆಗೆದ ಫೋಟೋ ಇದೆ. ಎರಡನೇ ಮಹಾಯುದ್ಧದ ಬಾಂಬಿಗೆ ಆ ಸ್ಟುಡಿಯೋದ ಹಳೆಯ ನೆಗೆಟಿವ್‌ಗಳು ಬಹಳಷ್ಟು ನಾಶವಾದವು, ಉಳಿದವು ಗ್ಯಾಲರಿಗೆ ಬಂದವು. ದೊಡ್ಡದು ಮಾಡಿಕೊಂಡು ನಿಧಾನವಾಗಿ ನೋಡು. ಅಲ್ಲಿ ಯಾರ ಕೈ ಮೇಲಾಗಿದೆ ಅಂತ ನಿನಗನ್ನಿಸಿತು, ಮುಂದಿನ ಪತ್ರದಲ್ಲಿ ಬರೆ.

ನಿನ್ನ,
ಗೆಳೆಯ