ವರದಿಯ ಅಂಕಿ ನೋಡಿ ಬೀಗಬೇಡ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ರಕ್ತಪರೀಕ್ಷೆಯ ವರದಿ ನೋಡಿದೆ. ಪ್ರತಿಕಾಯ ಇಷ್ಟೊಂದು ಇದೆ, ಇನ್ನು ಕೊರೊನಾ ನನ್ನ ತಂಟೆಗೆ ಬರಲ್ಲ ಅಂತ ಬರೆದಿದ್ದೀಯ. ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತು ಇಂಥ ಅಂಕಿಗಳನ್ನೇ ಬರೆದುಕೊಟ್ಟವಳು ನಾನು. ಅದಕ್ಕೇ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ.

ಪ್ರತಿಕಾಯ ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯಲು ನಮ್ಮ ಮೈ ತಯಾರಿಸುವ ಪ್ರೋಟೀನ್. ಅದು ಎಷ್ಟಿದೆ ಅನ್ನುವುದನ್ನಷ್ಟೇ ಆ ಅಂಕಿ ಹೇಳುತ್ತದೆ. ಈಗ ಓಡಾಡುತ್ತಿರುವ ವೈರಸ್ಸಿಗೆ ಅದು ಅಂಟುತ್ತದಾ ಅನ್ನುವುದು ಬೇರೆ ಪ್ರಶ್ನೆ.

ವೈರಸ್ಸಿನ ಮೈಮೇಲೆ ಮುಳ್ಳಿನ ಹಾಗೆ ಎದ್ದಿರುವ ಸ್ಪೈಕ್ ಪ್ರೋಟೀನ್ ಗೊತ್ತಲ್ಲ? ಅದರ ತುದಿ ನಮ್ಮ ಜೀವಕೋಶಕ್ಕೆ ಸಿಕ್ಕಿಕೊಂಡರೆ ಸೋಂಕು ಶುರು. ಒಳ್ಳೆಯ ಪ್ರತಿಕಾಯ ಆ ತುದಿಯ ಮೇಲೇ ಕೂತು ಅಡ್ಡಹಾಕುತ್ತದೆ. ಆದರೆ ಅದು ಹಿಡಿಯುವ ಜಾಗ ತೀರಾ ಚಿಕ್ಕದು. ಸ್ಪೈಕ್ ಅಂದರೆ 1273 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಬೀಟಾ ತಳಿಯಲ್ಲಿ 484ನೆಯ ಮಣಿ ಬದಲಾಗಿದ್ದಕ್ಕೇ ಎಷ್ಟೋ ಪ್ರತಿಕಾಯಗಳ ಹಿಡಿತ ಜಾರಿತು. 2021ರ ನವೆಂಬರ್‌ನಲ್ಲಿ ಒಮಿಕ್ರಾನ್ ಕಾಣಿಸಿಕೊಂಡಾಗ ಸ್ಪೈಕ್ ಒಂದರಲ್ಲೇ 30ಕ್ಕೂ ಜಾಸ್ತಿ ಬದಲಾವಣೆ. ಅದರಲ್ಲಿ ಸುಮಾರು 15 ಜೀವಕೋಶಕ್ಕೆ ಸಿಕ್ಕಿಕೊಳ್ಳುವ ಆ ತುದಿಯಲ್ಲೇ! ಆಗ ನಾನೂ ತಲೆಮೇಲೆ ಕೈಹೊತ್ತು ಕೂತಿದ್ದೆ.

ವೈರಸ್ ಏನೋ ಉಪಾಯ ಹೂಡಿತು ಅನ್ನುತ್ತಾರೆ ಜನ. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ನಕಲಾಗುವಾಗ ತಪ್ಪುಗಳಾಗುತ್ತವೆ, ಹೆಚ್ಚಿನವು ಕೆಲಸಕ್ಕೆ ಬಾರದವು. ಹಳೆಯ ರೂಪವನ್ನು ನಮ್ಮ ಪ್ರತಿಕಾಯಗಳು ತಡೆಯುತ್ತವೆ. ಅವುಗಳ ಕೈಗೆ ಸಿಗದ ರೂಪ ಹರಡುತ್ತದೆ, ಅಷ್ಟೇ.

ಹಾಗಂತ ಲಸಿಕೆ ದಂಡ ಅನ್ನಬೇಡ. ಲಸಿಕೆ ಟಿ ಕೋಶಗಳನ್ನೂ ತಯಾರು ಮಾಡುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಇವು, ವೈರಸ್ಸಿನ ಬೇರೆ ಬೇರೆ ತುಣುಕುಗಳನ್ನು ಗುರುತಿಟ್ಟುಕೊಂಡಿರುತ್ತವೆ. ಆ ತುಣುಕುಗಳಲ್ಲಿ ಬಹಳಷ್ಟು ಹೊಸ ತಳಿಯಲ್ಲೂ ಹಾಗೇ ಇರುತ್ತವೆ. ಅದಕ್ಕೇ ಸೋಂಕು ಮತ್ತೆ ತಗುಲಿದರೂ ಹೆಚ್ಚಿನವರಿಗೆ ಆಸ್ಪತ್ರೆ ಸೇರುವಷ್ಟು ಜೋರಾಗುವುದಿಲ್ಲ.

ನಿನ್ನ ಚಿಕ್ಕಪ್ಪನ ಕತೆ ಹಾಗಲ್ಲ. ಕಿಡ್ನಿ ಕಸಿಯಾದ ಮೇಲೆ, ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ, ಅವರ ರೋಗನಿರೋಧಕ ಶಕ್ತಿಯನ್ನು ಮಾತ್ರೆ ಕೊಟ್ಟೇ ತಗ್ಗಿಸಿದ್ದಾರೆ. ಲಸಿಕೆ ಹಾಕಿದರೂ ಮೈ ಅಷ್ಟಾಗಿ ಕಲಿಯುವುದಿಲ್ಲ. ಅಂಥವರಿಗೆಂದೇ ಇವುಶೆಲ್ಡ್ ಅನ್ನುವ ಇಂಜೆಕ್ಷನ್ ಬಂದಿತ್ತು, ಎರಡು ಪ್ರತಿಕಾಯಗಳ ಜೋಡಿ. ಹೊಸ ತಳಿಗಳ ಮುಂದೆ ಅದೂ ಸೋತಿತು. 2023ರ ಜನವರಿಯಲ್ಲಿ ಅಮೆರಿಕ ಅದರ ಬಳಕೆ ನಿಲ್ಲಿಸಿತು.

ಗಂಟಲು ಕೆರೆತ ಇದ್ದರೂ ಶನಿವಾರ ಅವರನ್ನು ನೋಡಲು ಬರುತ್ತೇನೆ ಅಂದಿದ್ದೀಯಲ್ಲ, ಬೇಡ. ಪೂರ್ತಿ ವಾಸಿಯಾದ ಮೇಲೆ ಬಾ, ಮಾಸ್ಕ್ ಹಾಕಿಕೊಂಡೇ ಬಾ. ಆ ವರದಿ ಮನೆಯಲ್ಲೇ ಇರಲಿ.

ನಿನ್ನ ದೊಡ್ಡಮ್ಮ