ಅಣ್ಣನ ರೈಲಿಗೆ ಹೊಸ ಬಣ್ಣ ಬೇಡ

ಮೈಸೂರು

ಚಿ. ಸೌ. ಉಮಾಳಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಮ್ಯಾಂಚೆಸ್ಟರ್ ಮನೆಯ ಅಟ್ಟದಲ್ಲಿ ಸಿಕ್ಕ ನನ್ನ ಅಣ್ಣನ, ಅಂದರೆ ನಿನ್ನ ಅಪ್ಪನ, ಆಟದ ರೈಲಿನ ಚಿತ್ರಗಳನ್ನು ನೋಡಿದೆ. ಅದನ್ನು ಪೂರ್ತಿ ಮಾಡಬೇಕೆಂದು ನೀನು ಹೊರಟಿರುವುದು ನನಗೆ ಬಹಳ ಸಂತೋಷ ತಂದಿದೆ. ಆದರೆ ಕಂಡದ್ದನ್ನೆಲ್ಲ ಕೊಂಡು ಸೇರಿಸುವ ಆತುರ ಬೇಡ. ಅದು ಯಾರು ಮಾಡಿದ್ದು, ಯಾವ ಕಾಲದ್ದು ಎಂಬುದು ಮೊದಲು ಖಚಿತವಾಗಲಿ.

ಹಳಿಯಿಂದಲೇ ಶುರು ಮಾಡು. ನಿನ್ನ ಚಿತ್ರದಲ್ಲಿ ತಗಡಿನ ತಳದ ಮೇಲೆ ಮೂರು ಹಳಿಗಳಿವೆ, ನಡುವಿನದು ವಿದ್ಯುತ್ತಿಗೆ. ಹೊರಗಿನ ಎರಡರ ನಡುವೆ ಅಳೆದಾಗ 16.5 ಮಿಲಿಮೀಟರ್ ಬಂದರೆ ಅದು ಲಿವರ್‌ಪೂಲ್‌ನ ಬಿನ್ಸ್ ರಸ್ತೆಯ ಮೆಕ್ಯಾನೊ ಆಟಿಕೆ ಕಾರ್ಖಾನೆಯಲ್ಲಿ ತಯಾರಾದ ‘ಹಾರ್ನ್‌ಬಿ ಡಬ್ಲೊ’ ಎಂಬ ಚಿಕ್ಕ ಅಳತೆಯ ರೈಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾರ್ನ್‌ಬಿಯವರ ಹಳೆಯ, ದೊಡ್ಡ ರೈಲುಗಳ ಹಳಿಯಾದರೆ 32 ಮಿಲಿಮೀಟರ್ ಇರುತ್ತಿತ್ತು.

ಇನ್ನು ಎಂಜಿನ್. ಅದರ ಮೇಲೆ 46232 ಎಂಬ ಸಂಖ್ಯೆ, ‘ಡಚೆಸ್ ಆಫ್ ಮಾಂಟ್ರೋಸ್’ ಎಂಬ ಹೆಸರು ಓದಲು ಸಿಗುತ್ತಿದೆ. ಡಬ್ಲೊ 1938ರಲ್ಲೇ ಮಾರುಕಟ್ಟೆಗೆ ಬಂದಿತ್ತಾದರೂ ಈ ಎಂಜಿನ್ ಯುದ್ಧಕ್ಕೆ ಮುಂಚಿನದಾಗಿರಲು ಸಾಧ್ಯವಿಲ್ಲ, ಏಕೆಂದರೆ ಇದು ತೊಟ್ಟಿರುವುದು 1948ರಲ್ಲಿ ಹುಟ್ಟಿದ ಬ್ರಿಟಿಷ್ ರೈಲ್ವೆಯ ಹಸಿರು ಬಣ್ಣ. ಜೊತೆಗಿರುವ, ನೀರಿನ ತೊಟ್ಟಿಯನ್ನು ಮೈಮೇಲೆಯೇ ಹೊತ್ತ ಸಣ್ಣ ಟ್ಯಾಂಕ್ ಎಂಜಿನ್ನಿನ ಕಾಲ ಮಾತ್ರ ಚಿತ್ರದಲ್ಲಿ ತಿಳಿಯುತ್ತಿಲ್ಲ. ಅದರ ಮಗ್ಗುಲಲ್ಲಿರುವ ರೈಲ್ವೆಯ ಲಾಂಛನವನ್ನು ಭೂತಗನ್ನಡಿ ಹಿಡಿದು ನೋಡು. ಸಿಂಹ ಚಕ್ರದ ಮೇಲೆ ಕಾಲು ಹಾಕಿ ನಿಂತಿದ್ದರೆ ಹಳೆಯ ಲಾಂಛನ. ಕಿರೀಟದಿಂದ ಮೇಲೆದ್ದು ಚಕ್ರವನ್ನು ಮುಂಗಾಲುಗಳಲ್ಲಿ ಹಿಡಿದಿದ್ದರೆ ಅದು 1956ರಲ್ಲಿ ಬಂದದ್ದು. ಉಗುರಿನಷ್ಟು ಜಾಗದಲ್ಲಿ ಇಷ್ಟೆಲ್ಲ ಬರೆದಿಟ್ಟಿದ್ದಾರಲ್ಲ, ಆ ಕೆಲಸಗಾರರ ಮೇಲೆ ನನಗೆ ಅಪಾರ ಗೌರವ.

ಕೊಳ್ಳುವಾಗ ಒಂದು ಎಚ್ಚರ. 1959ರಲ್ಲಿ ಡಬ್ಲೊ ಎರಡು ಹಳಿಗಳ ಪದ್ಧತಿಗೂ ಬಂತು. ಹೆಸರು ಅದೇ, ಅಳತೆಯೂ ಅದೇ, ಆದರೆ ಆ ಎಂಜಿನ್‌ಗಳು ನಿನ್ನ ಮೂರು ಹಳಿಯ ಮೇಲೆ ಓಡುವುದಿಲ್ಲ. 1964ರಲ್ಲಿ ಮೆಕ್ಯಾನೊ ಕಂಪನಿ ಟ್ರೈ-ಆಂಗ್ ಎಂಬ ಇನ್ನೊಂದು ಆಟಿಕೆ ಕಂಪನಿಯವರ ಕೈಸೇರಿದ ಮೇಲೆ ಡಬ್ಲೊದ ಅಚ್ಚುಗಳು ರೆನ್ ಕಂಪನಿಗೆ ಹೋದವು. ರೆನ್‌ನವರ ಎಂಜಿನ್ ನೋಡಿದರೆ ಅವಳಿಜವಳಿ ಎನ್ನಬೇಕು, ಆದರೂ ಅದು ಎರಡು ಹಳಿಯದೇ. ಮಾರುವವರ ಬಾಯಿಮಾತು ಸಾಲದು. ಎಂಜಿನ್ನನ್ನು ಮಗುಚಿ, ನಡುಹಳಿಯನ್ನು ಸವರುವ ಪಟ್ಟಿ ಇದೆಯೇ ಎಂದು ನೋಡಿಯೇ ದುಡ್ಡು ಕೊಡು.

ದಯವಿಟ್ಟು ಹಳೆಯ ಟ್ರಾನ್ಸ್‌ಫಾರ್ಮರನ್ನು ಪ್ಲಗ್ಗಿಗೆ ಹಾಕಬೇಡ. ಆ ಕಾಲದ ವೈರಿನ ರಬ್ಬರ್ ಒಳಗೇ ಪುಡಿಯಾಗಿರುತ್ತದೆ. ಹೊಸದಾದ, 12 ವೋಲ್ಟ್ ಡಿ.ಸಿ. ಕಂಟ್ರೋಲರ್ ತೆಗೆದುಕೋ. ಎಂಜಿನ್ ನಿಧಾನವಾಗಿ ಓಡಿ ಬೇಗ ಬಿಸಿಯಾದರೆ ಅಯಸ್ಕಾಂತದ ಬಲ ಕುಗ್ಗಿದೆಯೆಂದು ಅನುಮಾನಿಸಬೇಕು. ಆಗ ನೀನೇ ಬಿಚ್ಚಲು ಹೋಗಬೇಡ. ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಂತಿಸುರುಳಿಯ ಭಾಗ, ಹೊರತೆಗೆದರೆ ಇರುವ ಬಲವೂ ಇಳಿಯುತ್ತದೆ. ಅದಕ್ಕೆ ಮತ್ತೆ ಕಾಂತಶಕ್ತಿ ತುಂಬಿಕೊಡುವ ರಿಪೇರಿಯವರು ನಿಮ್ಮ ದೇಶದಲ್ಲೇ ಇದ್ದಾರೆ. 1969ರಲ್ಲಿ ಆರಂಭವಾದ ಹಾರ್ನ್‌ಬಿ ಸಂಗ್ರಾಹಕರ ಸಂಘದಲ್ಲಿ ವಿಚಾರಿಸು.

ಬೋಗಿಗಳನ್ನು ಪೂಜೆಯ ಪಾತ್ರೆಗಳಂತೆ ತಿಕ್ಕಿ ತೊಳೆಯಬೇಡ. ಆ ಕೆನೆ ಮತ್ತು ಕಡುಗೆಂಪು ತಗಡಿನ ಮೇಲೆಯೇ ಅಚ್ಚಾದ ಬಣ್ಣ, ಹೋದರೆ ಮತ್ತೆ ಬರುವುದಿಲ್ಲ. ಮೆತ್ತನೆಯ ಒಣ ಬ್ರಷ್ ಸಾಕು. ಹೊಸ ಬಣ್ಣವಂತೂ ಖಂಡಿತ ಬೇಡ. ರೈಲ್ವೆ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ದುಡಿದವನು ನಾನು; ಓಡುವ ಗಾಡಿಗೆ ಬಣ್ಣ ಬಳಿಯಲೇಬೇಕು, ಇದಕ್ಕೆ ಬಳಿಯಬಾರದು.

ಪೂರ್ತಿ ಮಾಡುವುದೆಂದರೆ ಕಂಪನಿಯ ಪಟ್ಟಿಯಲ್ಲಿದ್ದುದನ್ನೆಲ್ಲ ತಂದು ತುಂಬುವುದೆಂದು ನಾನು ಒಪ್ಪುವುದಿಲ್ಲ. ನಿನ್ನ ಅಪ್ಪನ ಬಳಿ ಇದ್ದು ಕಳೆದುಹೋದದ್ದು ಏನೇನು ಎಂದು ಹುಡುಕು. ಪೆಟ್ಟಿಗೆಯೊಳಗಿನ ರಟ್ಟಿನಲ್ಲಿ ಒಂದೊಂದು ಗಾಡಿಗೂ ಕತ್ತರಿಸಿದ ಗೂಡಿರುತ್ತದೆ. ಖಾಲಿ ಗೂಡುಗಳ ಉದ್ದ ಅಗಲ ಅಳೆದು ಬರೆದಿಡು, ಮುಚ್ಚಳದ ಚೀಟಿಯ ಚಿತ್ರವನ್ನೂ ತೆಗೆದು ಕಳುಹಿಸು. ಯಾವ ವ್ಯಾಗನ್ ಹುಡುಕಬೇಕೆಂಬುದನ್ನು ಅದು ಬಂದ ಮೇಲೆ ನಿರ್ಧರಿಸೋಣ. ಅಲ್ಲಿಯವರೆಗೆ ಏನನ್ನೂ ಕೊಳ್ಳಬೇಡ.

ಇತಿ ನಿನ್ನ ಪ್ರೀತಿಯ,
ಚಿಕ್ಕಪ್ಪ